ಫಾಸ್ಟ್ ಅಂದ್ರೆ ಬರೀ ಬೇಗ ಅಲ್ಲ

ನಿನ್ನೆ ಸಂಜೆ ಅಣ್ಣನ ಮಗಳು ಇಂಗ್ಲಿಷ್ ನೋಟ್‌ಬುಕ್ ಹಿಡ್ಕೊಂಡು ಬಂದಿದ್ಲು, ಕನ್ನಡ ಮೀಡಿಯಂ ಏಳನೇ ಕ್ಲಾಸು, ‘ಹಿ ರನ್ಸ್ ಫಾಸ್ಟ್‌ಲಿ’ ಅಂತ ಬರ್ದದ್ದಕ್ಕೆ ಕೆಂಪು ಗೆರೆ ಬಿದ್ದಿದೆ. ‘ಚಿಕ್ಕಪ್ಪ, ಸ್ಲೋಗೆ ಸ್ಲೋಲಿ ಉಂಟು, ಫಾಸ್ಟಿಗೆ ಯಾಕೆ ಇಲ್ಲ?’ ಅಂತ ಕೇಳಿದ್ಲು. ಪ್ರಶ್ನೆ ಸರಿಯಾದ್ದೇ. ನಾವು ವೇಗಕ್ಕೆ ‘ಆಗಿ’ ಸೇರಿಸಿ ವೇಗವಾಗಿ ಅಂತೇವೆ, ಆದ್ರೆ ಬೇಗ ಓಡು ಅನ್ನುವಾಗ ಏನೂ ಸೇರಿಸ್ಲಿಕ್ಕಿಲ್ಲ ಅಲ್ವಾ, ಫಾಸ್ಟ್ ಕೂಡ ಹಾಗೇ, ಫಾಸ್ಟ್ ಪ್ಯಾಸೆಂಜರ್ ಬಸ್ಸಿಗೂ ಅದೇ ರೂಪ, ಓಡೋದಕ್ಕೂ ಅದೇ, ಫಾಸ್ಟರ್ ಫಾಸ್ಟೆಸ್ಟ್ ಅಂತ ಮುಂದೆ ಹೋಗ್ತದೆ ಅಷ್ಟೆ.

ಆದ್ರೆ ನನಗೆ ತುಂಬ ಇಷ್ಟ ಅದರ ಹಳೇ ಅರ್ಥ. ಹಳೇ ಇಂಗ್ಲಿಷಲ್ಲಿ ಅದು ಗಟ್ಟಿ, ಅಲುಗಾಡದ್ದು. ಗಟ್ಟಿಯಾಗಿ ಬಿಡದೆ ಓಡೋದು ಅಂತ ಹೇಳ್ತಾ ಹೇಳ್ತಾ ವೇಗದ ಅರ್ಥ ಬಂತು. ಹಳೇದೂ ಉಳಿದಿದೆ, ಫಾಸ್ಟ್ ಅಸ್ಲೀಪ್ ಅಂದ್ರೆ ಗಾಢ ನಿದ್ರೆ. ಉಪವಾಸದ ಫಾಸ್ಟಿಂಗ್ ಕೂಡ ಅದೇ ಬೇರಿನದ್ದು, ವ್ರತ ಗಟ್ಟಿ ಹಿಡಿಯೋದು, ಬೆಳಿಗ್ಗೆ ಅದನ್ನು ಮುರಿದ್ರೆ ಬ್ರೇಕ್‌ಫಾಸ್ಟ್.

ಅಷ್ಟರಲ್ಲಿ ಅಮ್ಮ ಜಗಲಿಯಿಂದ, ‘ನನ್ನ ಕಾಸರಗೋಡು ಸೀರೆ ಕಲರ್ ಫಾಸ್ಟ್ ಅಂತ ಅಂಗಡಿಯಲ್ಲಿ ಹೇಳಿದ್ರಲ್ಲ, ಅದೆಂತ ಹಾಗಾದ್ರೆ?’ ಅಂದ್ರು. ಅದೇ ಅಮ್ಮ, ಬಣ್ಣ ಗಟ್ಟಿ! ಹುಡುಗಿ ಒಳಗಿಂದ ಸೀರೆ ತಂದು ಬೆರಳು ಒದ್ದೆ ಮಾಡಿ ಅಂಚಿನ ಹತ್ರ ತಿಕ್ಕಿ ನೋಡಿದ್ಲು, ಎಷ್ಟೋ ಒಗೆತ ಕಂಡ ಕೈಮಗ್ಗದ ಹತ್ತಿ, ಬೆರಳಿಗೆ ಒಂಚೂರೂ ಬಣ್ಣ ಹತ್ತಲಿಲ್ಲ.