ಲೆವರ್‌ಕೂಸೆನ್ ಗೆದ್ದಿದ್ದು ಬರೀ ಲಕ್ಕಾ?

ಅಲ್ಲ. ಇಷ್ಟೇ ಉತ್ತರ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

2023-24ರಲ್ಲಿ ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾದಲ್ಲಿ ಲೆವರ್‌ಕೂಸೆನ್ ತಂಡ 34 ಪಂದ್ಯ ಆಡಿತು. 28 ಗೆದ್ದಿತು, 6 ಡ್ರಾ ಆದವು, ಒಂದನ್ನೂ ಸೋಲಲಿಲ್ಲ. ಆ ಲೀಗ್‌ನಲ್ಲಿ ಹಾಗೆ ಸೀಸನ್ ಮುಗಿಸಿದ ಮೊದಲ ತಂಡ ಅದು. ಅದಕ್ಕೂ ಹಿಂದೆ 11 ವರ್ಷ ಬಿಡದೆ ಬಯರ್ನ್ ಮ್ಯೂನಿಕ್ಕೇ ಚಾಂಪಿಯನ್. ನಾನು ಲೆವರ್‌ಕೂಸೆನ್ ಅಭಿಮಾನಿ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: "ಎಲ್ಲಾ ಕೊನೇ ನಿಮಿಷದ ಗೋಲು ಅಲ್ವಾ? ಬರೀ ಲಕ್ಕು."

ಲಕ್ ಅಂದರೆ ಹೇಗೋ ಸಹಿಸಿಕೊಳ್ಳುತ್ತೇನೆ. ಆ 'ಬರೀ' ಅನ್ನುವುದು ಮೈ ಉರಿಸುತ್ತದೆ.

ಆ ವರ್ಷ ಜೂನ್‌ನಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಸೋದರಮಾವ ಕೂತಿದ್ದರು. ಇಂಗ್ಲಿಷ್ ಲೀಗ್ ಬಿಟ್ಟು ಬೇರೇನೂ ನೋಡುವವರಲ್ಲ. ಅನ್ನಕ್ಕೆ ಸಾರು ಕಲೆಸುತ್ತಾ ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ "ದೇವರು ಕೊಟ್ಟ ಕಪ್ ಕಣೋ ಅದು" ಅಂದು ನಕ್ಕರು.

ನಾನು ಊಟ ನಿಲ್ಲಿಸಿದೆ. ಕೋಸಂಬರಿಯಿಂದ ಹತ್ತು ಬೇಳೆ ಆರಿಸಿ ಎಲೆಯ ಮೇಲೆ ಜೋಡಿಸಿದೆ. "ನೋಡಿ ಮಾವ, ಎಡಕ್ಕೆ ಗ್ರಿಮಾಲ್ಡೊ, ಬಲಕ್ಕೆ ಫ್ರಿಂಪಾಂಗ್. ಹೆಸರಿಗೆ ಇವರು ಹಿಂದಿನ ಸಾಲಿನವರು. ಆದರೆ ಇರುವುದೆಲ್ಲ ಎದುರಾಳಿಯ ಗೋಲಿನ ಹತ್ತಿರವೇ. ನಡುವೆ ಜಾಕಾ. ಚೆಂಡು ಕೊಡ್ತಾನೆ, ವಾಪಸ್ ಇಸ್ಕೊತಾನೆ, ಮತ್ತೆ ಕೊಡ್ತಾನೆ." 90ನೇ ನಿಮಿಷದಲ್ಲೂ ಮೊದಲ ನಿಮಿಷದ ಹಾಗೆಯೇ ಚಿಕ್ಕ ಚಿಕ್ಕ ಪಾಸು. ಗಾಬರಿಬಿದ್ದು ಚೆಂಡನ್ನು ಎತ್ತಿ ಒಗೆಯುವುದಿಲ್ಲ. ಒಂದೂವರೆ ಗಂಟೆ ಚೆಂಡಿನ ಹಿಂದೆ ಓಡಿದವರ ಕಾಲು ಸೋಲದೆ ಇರುತ್ತದಾ? ಗೋಲು ಬರುವುದೇ ಆಗ. ಇಷ್ಟು ಹೇಳುವಷ್ಟರಲ್ಲಿ ಪಾಯಸದವರು ಬಂದರು. ಜಾಕಾ, ಗ್ರಿಮಾಲ್ಡೊ ಎಲ್ಲ ಪಾಯಸದಲ್ಲಿ ತೇಲಿಹೋದರು. ಮಾತು ಅಲ್ಲಿಗೇ ನಿಂತಿತು.

ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. 90 ನಿಮಿಷ ದಾಟಿದ ಮೇಲೆ, ಅಂದರೆ ರೆಫರಿ ಕೊನೆಗೆ ಕೂಡಿಸುವ ಇಂಜುರಿ ಟೈಮ್‌ನಲ್ಲಿ, ಗೋಲು ಹೊಡೆದು ಲೆವರ್‌ಕೂಸೆನ್ ಅಂಕ ಗಳಿಸಿಕೊಂಡ ಆರು ಲೀಗ್ ಪಂದ್ಯಗಳನ್ನು ತೆಗೆದುಕೊಳ್ಳಿ. ಆಗ್ಸ್‌ಬರ್ಗ್, ಲೈಪ್‌ಜಿಗ್, ಹಾಫನ್‌ಹೈಮ್ ಮೇಲೆ ಗೆಲುವು. ಬಯರ್ನ್, ಡಾರ್ಟ್‌ಮಂಡ್, ಸ್ಟುಟ್‌ಗಾರ್ಟ್ ಜೊತೆ ಡ್ರಾ. ಗೆಲುವಿಗೆ 3 ಅಂಕ, ಡ್ರಾಗೆ 1, ಸೋಲಿಗೆ ಸೊನ್ನೆ. ಆ ಆರೂ ಗೋಲು ಅಳಿಸಿಬಿಡಿ: ಗೆದ್ದದ್ದು ಡ್ರಾ ಆಗುತ್ತದೆ, ಡ್ರಾ ಆದದ್ದು ಸೋಲಾಗುತ್ತದೆ. ಲೆವರ್‌ಕೂಸೆನ್‌ನ 90 ಅಂಕದಲ್ಲಿ 9 ಹೋಗಿ 81 ಉಳಿಯುತ್ತದೆ. ಎರಡನೇ ಸ್ಥಾನದ ಸ್ಟುಟ್‌ಗಾರ್ಟ್‌ಗೆ 2 ಸೇರಿ 75 ಆಗುತ್ತದೆ. ಆಗಲೂ ಚಾಂಪಿಯನ್ ಇವರೇ, ಅದೂ 6 ಅಂಕದ ಅಂತರದಲ್ಲಿ. ಈ ಲೆಕ್ಕ ಹಾಕಲು ಐದು ನಿಮಿಷ ಸಾಕು. ಲಕ್ ಅನ್ನುವವರು ಯಾರೂ ಹಾಕಿದ್ದನ್ನು ನಾನು ನೋಡಿಲ್ಲ.

ಎಲ್ಲ ಟೂರ್ನಿ ಸೇರಿ 51 ಪಂದ್ಯ ಸೋಲದೆ ಬಂದು, ಡಬ್ಲಿನ್‌ನಲ್ಲಿ ಯೂರೋಪಾ ಲೀಗ್ ಫೈನಲ್‌ನಲ್ಲಿ ಇಟಲಿಯ ಅಟಲಾಂಟಾ ಎದುರು 0-3 ಸೋತರು. ಅವತ್ತು ಚೆನ್ನಾಗಿ ಆಡಲಿಲ್ಲ, ಸೋತರು. ಅದನ್ನು ದುರದೃಷ್ಟ ಅಂತ ನಾನು ಹೇಳುವುದಿಲ್ಲ.

ಅದೃಷ್ಟದ ಮಾತೇ ಬೇಕಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಇದಕ್ಕೂ ಮುಂಚೆ ಇವರು ಹೇಗೆ ಸೋಲುತ್ತಿದ್ದರು? ಇದನ್ನು ಯಾರಾದರೂ ಕೇಳಲಿ ಅಂತ ಎಷ್ಟೋ ವರ್ಷದಿಂದ ಕಾಯುತ್ತಿದ್ದೇನೆ.

2000ದ ಮೇ ತಿಂಗಳು. ಕೊನೆಯ ಪಂದ್ಯ ಮ್ಯೂನಿಕ್ ಪಕ್ಕದ ಉಂಟರ್‌ಹಾಖಿಂಗ್‌ನಲ್ಲಿ. ಡ್ರಾ ಆದರೂ ಪಟ್ಟ ಲೆವರ್‌ಕೂಸೆನ್‌ಗೇ. ಅವರದೇ ಮಿಖಾಯೆಲ್ ಬಲಾಕ್ ಚೆಂಡನ್ನು ತಮ್ಮದೇ ಗೋಲಿಗೆ ಹೊಡೆದುಬಿಟ್ಟ. 0-2. ಪಟ್ಟ ಬಯರ್ನ್ ಪಾಲಾಯಿತು. 2002ರಲ್ಲಿ ಇನ್ನೂ ಕೆಟ್ಟದಾಯಿತು. ಮೂರು ಪಂದ್ಯ ಉಳಿದಿದ್ದಾಗ 5 ಅಂಕ ಮುಂದಿದ್ದರು. ವೆರ್ಡರ್ ಬ್ರೆಮೆನ್ ಎದುರು ಸೋತರು, ಆಮೇಲೆ ನ್ಯೂರೆನ್‌ಬರ್ಗ್ ಎದುರು. ಒಂದೇ ಅಂಕದಲ್ಲಿ ಲೀಗ್ ಡಾರ್ಟ್‌ಮಂಡ್‌ಗೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನ್ ಕಪ್ ಫೈನಲ್ ಸೋತರು. ಚಾಂಪಿಯನ್ಸ್ ಲೀಗ್ ಫೈನಲ್ಲೂ ಸೋತರು. ಅಲ್ಲಿಂದ ಊರಿನ ಹೆಸರೇ 'ನೆವರ್‌ಕೂಸೆನ್' ಆಯಿತು, ಎಂದೂ ಗೆಲ್ಲದವರು ಅಂತ. 2022ರ ಅಕ್ಟೋಬರ್‌ನಲ್ಲಿ ಶಾಬಿ ಅಲೊನ್ಸೊ ಕೋಚ್ ಆಗಿ ಬಂದಾಗ ತಂಡ ಕೊನೆಯಿಂದ ಎರಡನೇ ಸ್ಥಾನದಲ್ಲಿತ್ತು.

ಇಷ್ಟು ಗೊತ್ತಿದ್ದವರಿಗೆ 2024ರ ಏಪ್ರಿಲ್ 14 ಏನು ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಭಾನುವಾರ ರಾತ್ರಿ 9 ಗಂಟೆ. ಎದುರಿಗೆ ಅದೇ ಬ್ರೆಮೆನ್. ಗೆದ್ದರೆ ಐದು ಪಂದ್ಯ ಬಾಕಿ ಇರುವಾಗಲೇ ಪಟ್ಟ. ಬೋನಿಫೇಸ್ ಪೆನಾಲ್ಟಿ ಹೊಡೆದ. ಜಾಕಾ ದೂರದಿಂದ ಬಾರಿಸಿದ. ಆಮೇಲೆ 20 ವರ್ಷದ ಫ್ಲೋರಿಯನ್ ವಿರ್ಟ್ಸ್ ಶುರು ಮಾಡಿದ. ಅವನ ಎರಡನೇ ಗೋಲಿಗೇ ಜನ ಮೈದಾನದ ಅಂಚಿಗೆ ಇಳಿದು ನಿಂತರು. 90ನೇ ನಿಮಿಷಕ್ಕೆ ಮೂರನೆಯದು ಬಿತ್ತು, 5-0. ಅಷ್ಟೇ, ಎಲ್ಲರೂ ಒಳಗೆ ನುಗ್ಗಿದರು. ಹೊಗೆ, ಕೆಂಪು ಬಾವುಟ, ಜನ. ಹುಲ್ಲೇ ಕಾಣುತ್ತಿರಲಿಲ್ಲ. ರೆಫರಿ ಅಲ್ಲಿಗೇ ಸೀಟಿ ಊದಿ ಮುಗಿಸಿದರು.

ಪಾಯಸ ಬರುವ ಮೊದಲು ಮಾವನಿಗೆ ಹೇಳಬೇಕಿದ್ದದ್ದು ಇದನ್ನೇ. ಲೆವರ್‌ಕೂಸೆನ್ ಪಟ್ಟ ಗೆದ್ದ ಆ ಪಂದ್ಯದಲ್ಲಿ ಇಂಜುರಿ ಟೈಮ್ ಆಡಲೇ ಇಲ್ಲ.