ಫೋನೇ ಓದಿ ಹೇಳುತ್ತಲ್ಲ, ಈ ವಯಸ್ಸಲ್ಲಿ ಅಕ್ಷರ ಯಾಕೆ?

ನಾನು ಗುಬ್ಬಿ ತಾಲ್ಲೂಕಿನ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಹೇಳಿಕೊಡುತ್ತೇನೆ. ಸಂಬಳವಿಲ್ಲದ ಕೆಲಸ. ಬರುವವರಲ್ಲಿ ಹೆಂಗಸರೇ ಜಾಸ್ತಿ, ಅದರಲ್ಲೂ ನಲವತ್ತು ದಾಟಿದವರು. ಈ ವಿಷಯ ಗೊತ್ತಿರುವವರು ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಸಿಕ್ಕಾಗ ಕೇಳುವುದು ಇದನ್ನೇ: "ಈಗೇನು ಮೇಡಂ, ಫೋನಿಗೆ ಹೇಳಿದರೆ ಅದೇ ಹುಡುಕುತ್ತೆ, ಅದೇ ಓದಿ ಹೇಳುತ್ತೆ. ಇಷ್ಟು ವಯಸ್ಸಾದ ಮೇಲೆ ಅವರಿಗೆ ಅಕ್ಷರ ಯಾಕೆ?"

ಕೇಳುವವರು ಕುಹಕಕ್ಕೆ ಕೇಳುವುದಿಲ್ಲ. ಕಲಿಯಲು ಬರುವವರ ಸ್ವಂತ ಮಕ್ಕಳೇ ಎಷ್ಟೋ ಸಲ ಹೀಗೆ ಕೇಳಿದ್ದಾರೆ. ಅಮ್ಮ ಹಗಲೆಲ್ಲ ದುಡಿದು ಬಂದು, ಸಂಜೆ ಯಾಕೆ ಸುಮ್ನೆ ಕಷ್ಟಪಡಬೇಕು ಅನ್ನುವ ಕಾಳಜಿ ಅವರದ್ದು. ಫೋನಿನ ಉಪಕಾರವೂ ಸುಳ್ಳಲ್ಲ. ಅಕ್ಷರ ಬಾರದ ಅಮ್ಮಂದಿರು ಬೆಂಗಳೂರಿನಲ್ಲಿರುವ ಮಗನಿಗೆ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಯೂಟ್ಯೂಬಿನಲ್ಲಿ ಮೈಕ್ ಒತ್ತಿ ಬೇಕಾದ ಭಜನೆ ಹಾಕಿಕೊಳ್ಳುತ್ತಾರೆ. ಅದೆಲ್ಲ ಆಗಲಿ, ಒಳ್ಳೆಯದೇ.

ಆದರೆ ನನ್ನ ಉತ್ತರ ಬೇರೆ. ಓದು ಬರದವರ ಕಾಗದವನ್ನು ಯಾವಾಗಲೂ ಬೇರೆ ಯಾರೋ ಮೊದಲು ಓದುತ್ತಾರೆ. ತನ್ನ ಕಾಗದವನ್ನು ತಾನೇ ಮೊದಲು ಓದಿಕೊಳ್ಳುವುದಕ್ಕೆ ಅಕ್ಷರ ಬೇಕು.

ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ತಗೊಳ್ಳಿ. 2023ರ ಆಗಸ್ಟಿನಲ್ಲಿ ಶುರುವಾದ ಯೋಜನೆ. ಹಣ ಬರುವುದು ಮನೆ ಯಜಮಾನಿಯ ಖಾತೆಗೆ. ಬಂತು ಎಂಬ ಮೆಸೇಜನ್ನು ಓದುವವರು ಯಾರು? ಮಗ, ಸೊಸೆ, ಪಕ್ಕದ ಮನೆಯ ಹುಡುಗ, ಇಲ್ಲಾಂದ್ರೆ ಅಂಗಡಿಯವರು. ನಮ್ಮಲ್ಲಿ ಕಲಿಯುವ ಒಬ್ಬಮ್ಮ ಅಂದರು, "ಅಕ್ಕಾ, ದುಡ್ಡು ಬಂದಿರೋದು ನನಗಿಂತ ಮೊದ್ಲು ಊರಿಗೆ ಗೊತ್ತಾಗ್ತೈತೆ. ನಾನು ಬ್ಯಾಂಕಿಗೆ ಹೋಗೋ ಹೊತ್ತಿಗೆ ಇಬ್ಬರು ಸಾಲ ಕೇಳಿರ್ತಾರೆ." ಫೋನೇ ಗಟ್ಟಿಯಾಗಿ ಓದಿದರೂ ಅಷ್ಟೇ. ಅದು ಅವರ ಕಿವಿಗೆ ಮಾತ್ರ ಓದುವುದಿಲ್ಲ, ಮನೆಗೆಲ್ಲ ಓದುತ್ತದೆ. ಇನ್ನು ಒಟಿಪಿ, ಎಟಿಎಂ ಪಿನ್ನು. ಅಂಕಿ ಗುರುತು ಸಿಗದವರು ಅದನ್ನು ಮೊಮ್ಮಗನಿಗೆ ಒಪ್ಪಿಸಬೇಕು. ಮೊಮ್ಮಗ ಒಳ್ಳೆಯವನೇ ಇರಬಹುದು. ಆದರೆ ಪಿನ್ನು ಗುಟ್ಟಾಗಿ ಉಳಿಯಲಿಲ್ಲ, ಅಲ್ವಾ?

ಸಾಲದ ಕಾಗದದ ವಿಷಯ ಇದಕ್ಕಿಂತ ದೊಡ್ಡದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಓದಿದವರು ಇದನ್ನು ಯೋಚಿಸಿರುವುದಿಲ್ಲ. ಹೆಬ್ಬೆಟ್ಟು ಒತ್ತುವವರ ಪತ್ರಕ್ಕೆ ಒಂದು ಕ್ರಮ ಇದೆ. ಪತ್ರದಲ್ಲಿ ಇರುವುದನ್ನು ಅವರಿಗೆ ಓದಿ ಹೇಳಬೇಕು, ಸಾಕ್ಷಿಗಳು ಇರಬೇಕು. ಓದಲು ಬಾರದವರಿಂದ ಪತ್ರ ಮಾಡಿಸಿಕೊಂಡವರು, ಆಮೇಲೆ ತಕರಾರು ಬಂದರೆ, ವಿಷಯ ತಿಳಿಸಿಯೇ ಮಾಡಿಸಿಕೊಂಡೆವು ಎಂದು ತೋರಿಸಬೇಕಾಗಿ ಬರುತ್ತದೆ. ಅದೇ ಹೆಂಗಸಿಗೆ ಸಹಿಯೊಂದನ್ನು ಮಾತ್ರ ಕಲಿಸಿ ನೋಡಿ. ಸಹಿ ಹಾಕಿದವರಿಗೆ ಯಾರೂ ಓದಿ ಹೇಳುವುದಿಲ್ಲ. ಓದಿಕೊಂಡೇ ಹಾಕಿರುತ್ತಾರೆ ಅನ್ನುವುದು ಎಲ್ಲರ ಲೆಕ್ಕ. ಓದು ಬರಲಿಲ್ಲ, ಹೆಬ್ಬೆಟ್ಟಿಗೆ ಇದ್ದ ಆಸರೆಯೂ ಹೋಯಿತು.

ಅದಕ್ಕೇ ಸಹಿ ಕಲಿಸಿ, ಫೋಟೋ ಹೊಡೆಸಿಕೊಂಡು, ಇಷ್ಟು ಜನ ಸಾಕ್ಷರರಾದರು ಎಂದು ಹೇಳುವ ಕಾರ್ಯಕ್ರಮಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜನಗಣತಿಯೂ ಸಹಿಯನ್ನು ಸಾಕ್ಷರತೆ ಎನ್ನುವುದಿಲ್ಲ. ಏಳು ವರ್ಷ ಮತ್ತು ಮೇಲ್ಪಟ್ಟವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಬೇಕು, ಬರೆಯಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36. ಗಂಡಸರದ್ದು ಶೇ 82.47, ಹೆಂಗಸರದ್ದು ಶೇ 68.08. ಯಾದಗಿರಿ ಜಿಲ್ಲೆಯಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಓದಿ, ಆಮೇಲೆ ಪುಸ್ತಕ ಮುಟ್ಟದೆ ಎಲ್ಲ ಮರೆತವರನ್ನು ನಾನು ದಿನಾ ನೋಡುತ್ತೇನೆ. ಗಣತಿಗೆಂದು ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಅವರ ಮನೆಯವರು "ಓದಿದ್ದಾರೆ" ಅಂತಲೇ ಹೇಳಿರುತ್ತಾರೆ.

ಇನ್ನು ಬಸ್ಸಿನ ವಿಷಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಟಿಕೆಟಿನ ಚಿಂತೆ ಹೋಯಿತು, ಬೋರ್ಡಿನ ಚಿಂತೆ ಉಳಿಯಿತು. ಗುಬ್ಬಿಯಿಂದ ಒಂದು ಕಡೆಗೆ ತುಮಕೂರು, ಇನ್ನೊಂದು ಕಡೆಗೆ ತಿಪಟೂರು. ಎರಡೂ ಹೆಸರನ್ನು ಬರೆದು ನೋಡಿ. ಎರಡರಲ್ಲೂ ನಾಲ್ಕೇ ಅಕ್ಷರ. ಎರಡೂ 'ತ'ಕಾರದಲ್ಲಿ ಶುರು, ಎರಡೂ 'ರು'ವಿನಲ್ಲಿ ಮುಗಿಯುತ್ತವೆ. ಓದು ಬಾರದವರ ಕಣ್ಣಿಗೆ ಎರಡೂ ಒಂದೇ ಬೋರ್ಡು. "ಯಾವ ಬಸ್ಸಪ್ಪಾ ಇದು?" ಎಂದು ಕೇಳಿ ಹತ್ತಬಹುದು, ಕೇಳಿಯೇ ಹತ್ತುತ್ತಾರೆ. ಆದರೆ ಕೇಳಲು ಯಾರೂ ಇಲ್ಲದ ಹೊತ್ತಿನಲ್ಲಿ? ಕಂಡಕ್ಟರು ಗದರಿಸಿದರೆ? ಎಷ್ಟೋ ಹೆಂಗಸರು ಒಬ್ಬರೇ ಊರು ದಾಟದೆ ಉಳಿಯುವುದು ಈ ಸಂಕೋಚಕ್ಕೆ.

ಅದಕ್ಕೆ ನಾನು ಅ ಆ ಇ ಈ ಇಂದ ಶುರು ಮಾಡುವುದೇ ಇಲ್ಲ. ಮೊದಲು ಅವರವರ ಹೆಸರು, ಆಮೇಲೆ ಬಸ್ಸಿನ ಬೋರ್ಡು. ತುಮಕೂರಿಗೂ ತಿಪಟೂರಿಗೂ ವ್ಯತ್ಯಾಸ ಎಲ್ಲಿದೆ ಹುಡುಕಿ ಎಂದು ಎರಡು ಚೀಟಿ ಮುಂದೆ ಇಡುತ್ತೇನೆ. ಒಬ್ಬರು 'ಮ' ತೋರಿಸುತ್ತಾರೆ, ಇನ್ನೊಬ್ಬರು 'ಪ' ತೋರಿಸುತ್ತಾರೆ. ತು ಮತ್ತು ತಿ ಎಂದು ಪಕ್ಕಪಕ್ಕ ಇಟ್ಟು ನೋಡುವಾಗ ಕಾಗುಣಿತದ ಗುಟ್ಟು ಅರ್ಧ ಬಿಟ್ಟುಕೊಡುತ್ತದೆ. ವ, ಪ, ಮ ಮೂರೂ ಒಂದೇ ಬಸಿರಿನ ಮಕ್ಕಳ ಹಾಗೆ ಇರುತ್ತವೆ, ಅಲ್ಲಿ ಎಲ್ಲರೂ ಸ್ವಲ್ಪ ದಿನ ತಡವರಿಸುತ್ತಾರೆ. ಆಮೇಲೆ ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ. ಈ ನಾಲ್ಕರಲ್ಲಿ ಒತ್ತಕ್ಷರ ಒಂದೂ ಇಲ್ಲ, ಆದ್ದರಿಂದ ಬೇಗ ಕೈವಶವಾಗುತ್ತವೆ. ಒತ್ತು ಹೇಳಿಕೊಡುವುದಕ್ಕೆ ನಮ್ಮ ಗುಬ್ಬಿಯೇ ಇದೆಯಲ್ಲ. 'ಬಿ' ಕೆಳಗೆ ಇನ್ನೊಂದು ಚಿಕ್ಕ 'ಬ'. ಇಲ್ಲಿ ದೊಡ್ಡವರಿಗೆ ಆಗುವ ಗೊಂದಲ ಏನು ಗೊತ್ತಾ? 'ಕ್ತ' ಥರದ ಅಕ್ಷರ. ಮೇಲಿನದ್ದನ್ನು ಮೊದಲು ಹೇಳಬೇಕು, ಸ್ವರ ಮಾತ್ರ ಕೆಳಗಿನದ್ದರ ಜೊತೆ ಹೇಳಬೇಕು. 'ಶಕ್ತಿ' ಎಂದು ಬರೆದರೆ ಗುಡಿಸು ಇರುವುದು 'ಕ'ಕ್ಕೆ, ಬಾಯಲ್ಲಿ ಬರುವುದು 'ತಿ'. ಮಕ್ಕಳು ಇದನ್ನು ಪ್ರಶ್ನೆ ಮಾಡದೆ ಒಪ್ಪಿಕೊಳ್ಳುತ್ತವೆ. ದೊಡ್ಡವರು ಯಾಕೆ ಹೀಗೆ ಎಂದು ಕೇಳುತ್ತಾರೆ. ಕೇಳಿ ಅರ್ಥ ಮಾಡಿಕೊಂಡರೆ ಮತ್ತೆ ಮರೆಯುವುದಿಲ್ಲ. ಕೊನೆಗೆ ಬರುವುದು ಚಿಕ್ಕನಾಯಕನಹಳ್ಳಿ. ಬೋರ್ಡಿನ ಮೇಲೆ ಅದು 'ಚಿ.ನಾ.ಹಳ್ಳಿ' ಎಂದಿದ್ದರೂ ಇರುತ್ತದೆ, ಅದನ್ನೂ ಹೇಳಿಕೊಡಬೇಕು.

ಸರ್ಕಾರದ ಪಾಠಪುಸ್ತಕವೂ ಉಂಟು, ಅದನ್ನೂ ಬಳಸುತ್ತೇವೆ. ಈಗ ನಡೆಯುತ್ತಿರುವುದು ಉಲ್ಲಾಸ್ ಎಂಬ ಹೆಸರಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ, 2022ರಿಂದ 2027ರವರೆಗೆ. ಹದಿನೈದು ವರ್ಷ ಮೇಲ್ಪಟ್ಟವರಿಗಾಗಿ ಇರುವಂಥದ್ದು, ಕಲಿಸುವವರು ಸ್ವಯಂಸೇವಕರು. ಕೊನೆಗೆ ಒಂದು ಪರೀಕ್ಷೆ: ಓದು, ಬರಹ, ಲೆಕ್ಕ, ತಲಾ 50 ಅಂಕ. ಪರೀಕ್ಷೆ ಅಂದಕೂಡಲೇ ಕೆಲವರಿಗೆ ಕೈ ನಡುಗುತ್ತದೆ. ಆದರೆ ಸರ್ಟಿಫಿಕೇಟು ಕೈಗೆ ಬಂದಾಗ ಅದನ್ನು ಪಾಸ್‌ಬುಕ್ ಜೊತೆ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಡುವುದನ್ನೂ ನೋಡಿದ್ದೇನೆ.

ಪಾಠಕ್ಕಿಂತ ಮೊದಲು ನೋಡಬೇಕಾದ್ದು ಕಣ್ಣು. ಇದನ್ನು ಹೊಸದಾಗಿ ಕಲಿಸಲು ಬರುವ ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಲವತ್ತರ ಆಸುಪಾಸಿನಲ್ಲಿ ಚಾಳೀಸು ಬರುತ್ತದೆ. ಓದುವವರಿಗೆ ಪೇಪರ್ ಹಿಡಿದಾಗ ಅದು ಗೊತ್ತಾಗುತ್ತದೆ. ಓದದವರಿಗೆ ಗೊತ್ತಾಗುವುದು ಸೂಜಿಗೆ ದಾರ ಪೋಣಿಸುವಾಗ, ಅದನ್ನೂ ಅವರು ವಯಸ್ಸಾಯಿತು ಎಂದು ಬಿಟ್ಟುಬಿಡುತ್ತಾರೆ. ಪುಸ್ತಕ ಮುಂದಿಟ್ಟರೆ ಅಕ್ಷರ ಮಸುಕು. "ನನ್ನ ತಲೆಗೆ ಹತ್ತಲ್ಲ ಬಿಡಕ್ಕಾ" ಎಂದು ಎದ್ದು ಹೋಗುತ್ತಾರೆ. ತಲೆಯಲ್ಲಿ ಯಾವ ಕೊರತೆಯೂ ಇರುವುದಿಲ್ಲ, ಕನ್ನಡಕ ಬೇಕಿರುತ್ತದೆ. ನಮ್ಮಲ್ಲಿ ಒಬ್ಬ ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಪುಸ್ತಕವನ್ನಲ್ಲ, ತಮ್ಮ ಅಂಗೈಯನ್ನು. ಅಡಿಕೆ ಸುಲಿದು ಸುಲಿದು ಬೆರಳ ಗೆರೆಗಳಲ್ಲೆಲ್ಲ ಕರೆ ಕಟ್ಟಿತ್ತು. "ಇಷ್ಟೊಂದು ಕಪ್ಪಾಗೈತಾ!" ಎಂದು ನಕ್ಕರು, ಆಮೇಲೆ ಪೆನ್ಸಿಲ್ ಹಿಡಿದರು.

ಇದೆಲ್ಲ ಗ್ರಂಥಾಲಯದಲ್ಲೇ ಯಾಕೆ, ಶಾಲೆ ಇದೆಯಲ್ಲ ಎಂದೂ ಕೇಳುತ್ತಾರೆ. ಶಾಲೆಗೆ ಹೋಗಲು ದೊಡ್ಡವರಿಗೆ ನಾಚಿಕೆ. ಮೊಮ್ಮಕ್ಕಳು ಕೂರುವ ಜಾಗ, ಗೋಡೆ ಮೇಲೆ ಮಗ್ಗಿ, ಎದುರಿಗೆ ಮೇಷ್ಟ್ರ ಕುರ್ಚಿ. ಚಿಕ್ಕವರಿದ್ದಾಗ ಏಟು ತಿಂದು ಶಾಲೆ ಬಿಟ್ಟವರೂ ಇವರಲ್ಲಿ ಇದ್ದಾರೆ. ಗ್ರಂಥಾಲಯಕ್ಕೆ ಯಾರು ಬೇಕಾದರೂ ಬರಬಹುದು. ಯಾಕೆ ಬಂದೆ ಎಂದು ಕೇಳುವವರಿಲ್ಲ. ಪೇಪರ್ ಓದಲು ಬಂದವರ ಪಕ್ಕದಲ್ಲೇ ಇವರೂ ಕೂತಿರುತ್ತಾರೆ, ಯಾರು ಕಲಿಯುತ್ತಿದ್ದಾರೆ, ಯಾರು ಓದುತ್ತಿದ್ದಾರೆ ಎಂದು ಹೊರಗಿನಿಂದ ಬಂದವರಿಗೆ ತಿಳಿಯುವುದಿಲ್ಲ.

ಇನ್ನೊಂದು ಕಾರಣ ನನಗೆ ಬಹಳ ಮುಖ್ಯ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಅದರಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ, ತೆರಿಗೆಯ ಶೇ 6ರಷ್ಟು. ರಸೀದಿಯಲ್ಲಿ ನೋಡಿ, ಬೇರೆ ಸಾಲಿನಲ್ಲಿ ಬರೆದಿರುತ್ತಾರೆ. ಓದಲು ಬಾರದವರಿಗೆ ಆ ಕರದಿಂದ ವಿನಾಯಿತಿ ಇಲ್ಲ. ವರ್ಷ ವರ್ಷ ಗ್ರಂಥಾಲಯಕ್ಕೆ ದುಡ್ಡು ಕೊಟ್ಟು, ಅದರ ಹೊಸ್ತಿಲು ತುಳಿಯದವರು ಎಷ್ಟೋ ಜನ. ಹಾಗಾಗಿ ಅವರಿಗೆ ಅಲ್ಲಿ ಒಂದು ಮೇಜು, ಒಂದು ಗಂಟೆ ಕೊಟ್ಟರೆ ಅದನ್ನು ದಾನ ಎಂದು ಯಾರೂ ಅಂದುಕೊಳ್ಳಬೇಕಾಗಿಲ್ಲ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಎಂದಿರುತ್ತದೆ. ಮಕ್ಕಳಿಗಾಗಿ ಅಲ್ಲಿ ಒಳ್ಳೆಯ ಕೆಲಸ ನಡೆದಿದೆ. ದೊಡ್ಡವರಿಗೂ ಅಷ್ಟೇ ಒತ್ತು ಸಿಗಬೇಕು ಅನ್ನುವುದು ನನ್ನ ಆಸೆ.

ಪಕ್ಕದ ಕೇರಳದಲ್ಲಿ ಇದು ಹಳೆಯ ಕೆಲಸ. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಾಲಯ ಸಂಘ ಊರೂರಿನ ವಾಚನಾಲಯಗಳನ್ನೇ ಸಾಕ್ಷರತೆಯ ತರಗತಿಗಳನ್ನಾಗಿ ಮಾಡಿತು. 1975ರಲ್ಲಿ ಆ ಕೆಲಸಕ್ಕೆ ಯುನೆಸ್ಕೊದ ಕ್ರುಪ್ಸ್‌ಕಾಯ ಪ್ರಶಸ್ತಿ ಬಂತು. 1990ರಲ್ಲಿ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆಯಾದದ್ದರ ಹಿಂದೆ ಇಂಥ ಎಷ್ಟೋ ವರ್ಷಗಳ ದುಡಿಮೆ ಇತ್ತು.

"ಓದಿ ಏನು ಮಾಡ್ತಾರೆ?" ಎನ್ನುವವರಿಗೆ ನಾನು ಹೇಳುವುದು ಆಂಧ್ರದ ದೂಬಗುಂಟ ಎಂಬ ಹಳ್ಳಿಯ ವಿಷಯ. ನೆಲ್ಲೂರು ಜಿಲ್ಲೆಯ ಊರು. 1990ರ ದಶಕದ ಶುರುವಿನಲ್ಲಿ ಅಲ್ಲಿ ರಾತ್ರಿ ಅಕ್ಷರ ತರಗತಿಗಳು ನಡೆಯುತ್ತಿದ್ದವು. ಪಾಠದಲ್ಲಿ ಕುಡುಕ ಗಂಡನಿಂದ ನೊಂದ ಹೆಂಗಸೊಬ್ಬಳ ಕಥೆ ಬಂತು. ಓದಿದ ಹೆಂಗಸರು ಇದು ನಮ್ಮದೇ ಕಥೆಯಲ್ವಾ ಎಂದು ಮಾತಿಗೆ ಕೂತರು. ಮಾತು ಅಲ್ಲಿಗೇ ನಿಲ್ಲಲಿಲ್ಲ, ಊರಿನ ಸಾರಾಯಿ ಅಂಗಡಿಯನ್ನೇ ಮುಚ್ಚಿಸಿದರು. ಅದು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು, 1995ರಲ್ಲಿ ಪೂರ್ಣ ಪಾನನಿಷೇಧ ತಂದಿತು. ಆ ಪಾನನಿಷೇಧ ಬಹಳ ವರ್ಷ ಉಳಿಯಲಿಲ್ಲ, ನಿಜ. ಆದರೆ ಒಟ್ಟಿಗೆ ಕೂತು ಓದಿದ್ದರಿಂದ ಅಷ್ಟು ದೂರ ಹೋದ ಹೆಂಗಸರು ಅವರು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಫೋನಿನಿಂದ ಆ ಕಥೆ ಕೇಳಿದ್ದರೆ ಹೀಗಾಗುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ.

ಕಷ್ಟಗಳೂ ಇವೆ. ಕನ್ನಡ ಕೂಡಿಸಿ ಓದಲು ಕಲಿತ ಒಬ್ಬಮ್ಮ ಹುರುಪಿನಿಂದ ಬ್ಯಾಂಕಿಗೆ ಹೋದರು. ಹಣ ತೆಗೆಯುವ ಚೀಟಿಯಲ್ಲಿ ಇಂಗ್ಲಿಷು, ಹಿಂದಿ ಬಿಟ್ಟರೆ ಕನ್ನಡ ಒಂದಕ್ಷರವಿಲ್ಲ. ಸಪ್ಪೆ ಮುಖ ಮಾಡಿಕೊಂಡು ವಾಪಸ್ ಬಂದರು. ಅಷ್ಟು ಕಷ್ಟಪಟ್ಟು ಕಲಿತವರಿಗೆ ಹೀಗೆ ಮಾಡುವುದು ಅನ್ಯಾಯ. ಈಗ ಆ ಚೀಟಿಯ ಯಾವ ಗೆರೆಯ ಮೇಲೆ ಹೆಸರು, ಯಾವ ಚೌಕದಲ್ಲಿ ಮೊತ್ತ, ಎಲ್ಲಿ ಸಹಿ ಎಂದು ಅದನ್ನೇ ಒಂದು ಪಾಠ ಮಾಡಿದ್ದೇವೆ. ಅಂಕಿಗಳನ್ನೂ ಎರಡು ಥರ ಕಲಿಸುತ್ತೇವೆ, ಕನ್ನಡದ ೧ ೨ ೩ ಮತ್ತು ಫೋನಿನಲ್ಲಿ ಬರುವ 1 2 3. ಮೊದಲು ಕಲಿಸುವುದು ಫೋನಿನದ್ದನ್ನೇ.

ಕೊನೆಗೆ, "ನಾನೂ ಬಂದು ಕಲಿಸಬಹುದಾ?" ಎಂದು ಕೇಳುವವರಿಗೆ. ಖಂಡಿತ ಬನ್ನಿ. ಟೀಚರ್ ಟ್ರೈನಿಂಗ್ ಬೇಕಿಲ್ಲ. ನಿಮ್ಮೂರಿನ ಗ್ರಂಥಾಲಯದ ಮೇಲ್ವಿಚಾರಕರನ್ನು ಕೇಳಿ, ಸಂಜೆ ಒಂದು ಗಂಟೆ ಬಾಗಿಲು ತೆರೆದಿಡುತ್ತಾರಾ ಎಂದು. ಒಬ್ಬರೇ ಕಲಿಯುವವರು ಸಿಕ್ಕರೂ ಶುರು ಮಾಡಿ. ಹೆಂಗಸರ ಸಂಘದ ವಾರದ ಸಭೆಯಲ್ಲಿ ಹೋಗಿ ಮಾತಾಡಿದರೆ ಇನ್ನಷ್ಟು ಜನ ಬರುತ್ತಾರೆ. ಅವರ ಮಕ್ಕಳ ಎದುರಿಗೆ ತಪ್ಪು ತಿದ್ದಬೇಡಿ. "ಇಷ್ಟೂ ಬರಲ್ವಾ" ಅನ್ನುವ ಮಾತು ಬಾಯಿಗೇ ಬರಬಾರದು. ಅಡಿಕೆ ಸುಲಿಯುವ ಕಾಲದಲ್ಲಿ ಯಾರೂ ಬರುವುದಿಲ್ಲ, ಕೂಲಿ ಬಿಟ್ಟು ಬನ್ನಿ ಎಂದು ಕರೆಯಲೂಬಾರದು. ಆ ದಿನಗಳಲ್ಲಿ ನೀವೇ ಸುಲಿಯುವ ಜಾಗಕ್ಕೆ ಹೋಗಿ, ಬಸ್ಸಿನ ಬೋರ್ಡಿನ ಚೀಟಿಗಳನ್ನು ಕೈಚೀಲದಲ್ಲಿ ಹಾಕಿಕೊಂಡು. ಊಟದ ಬಿಡುವಿನಲ್ಲಿ ನಾಲ್ಕು ಹೆಸರು ಓದಿಸಬಹುದು, ಕಲಿತದ್ದು ಮರೆತು ಹೋಗದಿರಲು ಅಷ್ಟು ಸಾಕಾಗುತ್ತದೆ.