ಹಳೇ ಲಾರಿ ಎಂಜಿನ್ನಿನಲ್ಲಿ ಥ್ರೆಡ್ ಸ್ಲಿಪ್ ಆದರೆ: ಡ್ರಿಲ್ ಎತ್ತುವ ಮುಂಚೆ

"ಥ್ರೆಡ್ ಹೋಗಿದೆ, ಒಂದು ಸೈಜ್ ಮೇಲೆ ಟ್ಯಾಪ್ ಹೊಡಿ." (ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೊಯ್ಯುವ ಉಪಕರಣ.) ದಾವಣಗೆರೆ ಪಿ.ಬಿ. ರೋಡಿನ ಗ್ಯಾರೇಜುಗಳಲ್ಲಾಗಲಿ, ಚಿತ್ರದುರ್ಗದ ಹೈವೇ ಪಕ್ಕದ ಶೆಡ್ಡುಗಳಲ್ಲಾಗಲಿ ಈ ಮಾತು ಕೇಳದ ದಿನ ಕಡಿಮೆ. ಮೆಕ್ಕೆಜೋಳದ ಸೀಜನ್ನಿನಲ್ಲಿ ಲಾರಿ ಎರಡು ದಿನ ನಿಂತರೆ ಮಾಲೀಕನಿಗೆ ಬಾಡಿಗೆ ಹೋಯಿತು, ಹಾಗಾಗಿ ಬೇಗ ಮುಗಿಯುವ ದಾರಿ ಹುಡುಕುತ್ತಾರೆ. ಆದರೆ ಬ್ಲಾಕಿನಿಂದ ಒಮ್ಮೆ ತೆಗೆದ ಕಬ್ಬಿಣವನ್ನು ವಾಪಸ್ ಹಾಕೋಕಾಗಲ್ಲ. ಎಂ10 (10 ಮಿಮೀ ಬೋಲ್ಟಿನ ತೂತು) ಇದ್ದದ್ದು ಎಂ12 ಆಗುತ್ತೆ, ಮುಂದಿನ ಸಲ ಎಂ14 ಆಗುತ್ತೆ, ಅದಾದ ಮೇಲೆ ಡ್ರಿಲ್ ನೀರಿನ ಜಾಕೆಟ್ಟಿಗೇ (ಎಂಜಿನ್ ತಣಿಸುವ ನೀರು ಹರಿಯುವ ಜಾಗಕ್ಕೇ) ತೂರುತ್ತೆ. ಹಳೇ ಟಾಟಾ 1210, ಹಳೇ ಲೇಲ್ಯಾಂಡ್ ಕಾಮೆಟ್ ಎಂಜಿನ್ನಿಗೆ ಒಳ್ಳೇ ಬ್ಲಾಕ್ ಹುಡುಕುವುದು ಈಗ ಎಷ್ಟು ಕಷ್ಟ ಅಂತ ಹುಡುಕಿದವರಿಗೆ ಗೊತ್ತು. ಆದ್ದರಿಂದ ಎಷ್ಟು ಕಡಿಮೆ ಲೋಹ ತೆಗೆದು ಕೆಲಸ ಮುಗಿಸಬಹುದು ಅನ್ನೋ ಲೆಕ್ಕದಲ್ಲೇ ಇದನ್ನು ಬರೆದಿದ್ದೇನೆ.

ಮೊದಲು ಯಾವ ಥ್ರೆಡ್ ಅಂತ ಖಾತ್ರಿ ಮಾಡಿಕೊಳ್ಳಿ. ಟಾಟಾ ಲಾರಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಶುರುವಾದದ್ದು, ಜರ್ಮನ್ ಮೂಲ, ಹಾಗಾಗಿ ಮೆಟ್ರಿಕ್. ಹಳೇ ಲೇಲ್ಯಾಂಡ್ ಬ್ರಿಟಿಷ್ ಮೂಲದ್ದು, ಅಲ್ಲಿ ಇಂಚಿನ ಥ್ರೆಡ್. ಆಮೇಲೆ ಬಂದ ಜಪಾನಿನ ಹಿನೋ ಮಾದರಿಯ ಎಂಜಿನ್ನುಗಳು ಮತ್ತೆ ಮೆಟ್ರಿಕ್. ಒಂದೇ ಡಬ್ಬಿಯಲ್ಲಿ ಎಲ್ಲಾ ಬೋಲ್ಟು ಬೆರೆತಿರುವ ಗ್ಯಾರೇಜಿನಲ್ಲಿ ಅರ್ಧ ಥ್ರೆಡ್ ಹಾಳಾಗುವುದು ಇಲ್ಲೇ. 3/8 ಇಂಚಿನ ಯುಎನ್‌ಸಿ (ಇಂಚಿನ ಅಳತೆಯ ಒಂದು ಥ್ರೆಡ್ ಮಾದರಿ) ಬೋಲ್ಟಿನ ದಪ್ಪ 9.5 ಮಿಮೀ, ಇಂಚಿಗೆ 16 ಥ್ರೆಡ್, ಅಂದರೆ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ದೂರ) ಸುಮಾರು 1.59 ಮಿಮೀ. ಎಂ10ರ ಪಿಚ್ 1.5. ಇಂಚಿನ ಬೋಲ್ಟು ಎಂ10 ತೂತಿನಲ್ಲಿ ನಾಲ್ಕೈದು ಸುತ್ತು ಆರಾಮಾಗಿ ಹೋಗುತ್ತೆ, ಬಿಗಿ ಮಾಡುವಾಗ ಥ್ರೆಡ್ಡಿನ ತುದಿಯನ್ನಷ್ಟೇ ಹಿಡಿದು ಕಿತ್ತು ಬರುತ್ತೆ. ಎಂ10ರಲ್ಲೇ 1.25 ಪಿಚ್ಚಿನ ಬೋಲ್ಟು ಸಿಗುತ್ತೆ, ಅದೂ ಇದೇ ಅನಾಹುತ ಮಾಡುತ್ತೆ. ಥ್ರೆಡ್ ಗೇಜು, ವರ್ನಿಯರ್ ಎರಡೂ ಕೈಯಲ್ಲಿರಲಿ. ಕಣ್ಣಳತೆ ಬೇಡ.

ಪಾನಾಗೆ ಪೈಪ್ ತೂರಿಸಿ ಎಳೆಯುವುದು ಇನ್ನೊಂದು ಕಾರಣ. ಬಿಗಿ ಮಾಡಿದ ಬೋಲ್ಟಿನ ಭಾರ ಎಲ್ಲಾ ಥ್ರೆಡ್ಡಿಗೂ ಸಮನಾಗಿ ಹಂಚಿಕೆ ಆಗಲ್ಲ. ಮೇಲಿನ ಮೊದಲನೇ ಥ್ರೆಡ್ಡೇ ಸುಮಾರು ಮೂರನೇ ಒಂದು ಭಾಗ ಹೊರುತ್ತೆ. ಅದು ಹರಿದರೆ ಭಾರ ಎರಡನೆಯದರ ಮೇಲೆ, ಆಮೇಲೆ ಮೂರನೆಯದರ ಮೇಲೆ. "ಸ್ವಲ್ಪ ಸ್ಲಿಪ್ ಆಗಿದೆ, ನಡೆಯುತ್ತೆ" ಅಂತ ಬಿಟ್ಟದ್ದು ಪೂರ್ತಿ ಹೋಗುವುದು ಹೀಗೆ.

ಮುಚ್ಚಿದ ತೂತಿನಲ್ಲಿ ಆಯಿಲ್ಲೋ ನೀರೋ ನಿಂತಿದ್ದರೆ ಬೋಲ್ಟು ಅದನ್ನು ಒತ್ತುತ್ತೆ. ದ್ರವ ಕುಗ್ಗಲ್ಲ. ಟಾರ್ಕ್ ರಿಂಚ್ ಕ್ಲಿಕ್ ಅಂದರೂ ಸಿಲಿಂಡರ್ ಹೆಡ್ ಕೂತಿರಲ್ಲ, ಕೆಲವು ಸಲ ಬ್ಲಾಕ್ ಸೀಳುತ್ತೆ. ಅಲ್ಯೂಮಿನಿಯಂ ಭಾಗಗಳ ಕಥೆ ಬೇರೆ. ನಮ್ಮ ಬಯಲುಸೀಮೆಯ ಬೋರ್ ನೀರು ಗಡಸು. ಕೂಲಂಟ್ ಇಲ್ಲದೆ ಅದನ್ನೇ ರೇಡಿಯೇಟರಿಗೆ ಹಾಕಿದ ಗಾಡಿಯಲ್ಲಿ ಥರ್ಮೋಸ್ಟಾಟ್ ಹೌಸಿಂಗಿನ ಬೋಲ್ಟು ಬಿಚ್ಚಿ ನೋಡಿ, ಬಿಳಿ ಪುಡಿ ಕಟ್ಟಿರುತ್ತೆ. ಉಕ್ಕು, ಅಲ್ಯೂಮಿನಿಯಂ, ನೀರು ಮೂರೂ ಸೇರಿದರೆ ತಿಂದುಹೋಗುವುದು ಅಲ್ಯೂಮಿನಿಯಂ. ಬೋಲ್ಟು ಬರುವಾಗ ಥ್ರೆಡ್ಡನ್ನೂ ಸುರುಳಿಯಾಗಿ ಸುತ್ತಿಕೊಂಡೇ ಬರುತ್ತೆ.

ಈಗ ರಿಪೇರಿ. ಒಂದು ತಂತಿ ಇಳಿಸಿ ತೂತಿನ ಆಳ ಅಳೆಯಿರಿ, ಹಳೇ ಬೋಲ್ಟು ಎಷ್ಟು ಆಳಕ್ಕೆ ಹೋಗುತ್ತಿತ್ತು ಅಂತ ಹೋಲಿಸಿ. ಎಷ್ಟೋ ತೂತುಗಳಲ್ಲಿ ಮೇಲಿನ ಐದಾರು ಥ್ರೆಡ್ ಮಾತ್ರ ಹೋಗಿರುತ್ತೆ, ಕೆಳಗೆ 10–12 ಮಿಮೀ ಹೊಸದರಂತೆ ಉಳಿದಿರುತ್ತೆ. ಕಬ್ಬಿಣದ ಬ್ಲಾಕಿನಲ್ಲಿ ಬೋಲ್ಟಿನ ದಪ್ಪದ ಒಂದೂಕಾಲರಿಂದ ಒಂದೂವರೆಯಷ್ಟು ಹಿಡಿತ ಬೇಕು, ಅಲ್ಯೂಮಿನಿಯಂನಲ್ಲಿ ಎರಡರಷ್ಟು. ಅಷ್ಟು ಸಿಕ್ಕರೆ ಉದ್ದದ ಬೋಲ್ಟು ಅಥವಾ ಸ್ಟಡ್ (ತಲೆಯಿಲ್ಲದ, ಎರಡೂ ಕಡೆ ಥ್ರೆಡ್ ಇರುವ ಕಡ್ಡಿ) ಹಾಕಿ ಮುಗಿಸಿ, ಡ್ರಿಲ್ ಮುಟ್ಟಲೇಬೇಡಿ. ಬೋಲ್ಟು ತೂತಿನ ತಳಕ್ಕೆ ತಾಗದಂತೆ ಎರಡು ಮೂರು ಮಿಮೀ ಜಾಗ ಬಿಡಿ.

ಥ್ರೆಡ್ ಬರೀ ಜಜ್ಜಿದ್ದರೆ, ತುಕ್ಕು ಕಟ್ಟಿದ್ದರೆ ಹೊಸ ಟ್ಯಾಪ್ ಹಾಕುವುದು ತಪ್ಪು. ಟ್ಯಾಪ್ ಇರುವುದೇ ಕೊಯ್ಯೋಕೆ, ಒಳ್ಳೇ ಲೋಹವನ್ನೂ ಕೊಯ್ದು ತೂತು ಸಡಿಲ ಮಾಡುತ್ತೆ. ಅದೇ ಸೈಜಿನ ಒಳ್ಳೇ ಬೋಲ್ಟಿಗೆ ಹ್ಯಾಕ್ಸಾದಿಂದ ಉದ್ದಕ್ಕೂ ಮೂರು ಸೀಳು ಕೊಯ್ದು, ತುದಿ ಗ್ರೈಂಡ್ ಮಾಡಿ, ಸೀಮೆಎಣ್ಣೆ ಹಾಕಿ ಕೈಯಲ್ಲೇ ತಿರುಗಿಸಿ. ಕಸವೆಲ್ಲ ಆ ಸೀಳುಗಳಲ್ಲಿ ತುಂಬಿಕೊಂಡು ಬರುತ್ತೆ.

ಇಷ್ಟರಲ್ಲಿ ಆಗದಿದ್ದರೆ ಹೆಲಿಕಾಯಿಲ್, ಅಂದರೆ ಸ್ಟೇನ್‌ಲೆಸ್ ತಂತಿಯ ಸುರುಳಿ, ತೂತು ಅಗಲ ಮಾಡಿ ಹೊಸ ಥ್ರೆಡ್ ಹೊಡೆದು ಒಳಗೆ ಕೂರಿಸುವಂಥದ್ದು. ಇದರ ಬಗ್ಗೆ ಒಂದು ವಿಷಯ ನೇರವಾಗಿ ಹೇಳಬೇಕು: ಎಂ10 ಹೆಲಿಕಾಯಿಲ್‌ಗೆ ತೆಗೆಯುವ ಲೋಹ, ಎಂ12 ಟ್ಯಾಪ್‌ಗೆ ತೆಗೆಯುವಷ್ಟೇ. ಅದರ ಟ್ಯಾಪಿನ ಹೊರಗಿನ ಅಳತೆ ಸುಮಾರು 11.95 ಮಿಮೀ. ಲಾಭ ಇರುವುದು ಬೇರೆ ಕಡೆ. ತೂತು ಮತ್ತೆ ಎಂ10 ಆಗುತ್ತೆ, ಕಂಪನಿ ಬೋಲ್ಟೇ ಕೂರುತ್ತೆ, ಕವರಿನ ತೂತು, ಗ್ಯಾಸ್ಕೆಟ್ ತೂತು ಅಗಲ ಮಾಡುವ ಕೆಲಸ ಇಲ್ಲ. ಮುಂದೊಂದು ದಿನ ಸುರುಳಿ ಹಾಳಾದರೆ ಅದನ್ನು ಕಿತ್ತು ಇನ್ನೊಂದು ಹಾಕಬಹುದು. ಎಂ12 ಹೊಡೆದ ತೂತಿಗೆ ಆ ಭಾಗ್ಯ ಇಲ್ಲ.

ಹೆಲಿಕಾಯಿಲ್ ಹಾಕುವ ತೂತಿನ ಡ್ರಿಲ್ ಸೈಜು: ಎಂ6ಕ್ಕೆ 6.3, ಎಂ8ಕ್ಕೆ 8.4, ಎಂ10ಕ್ಕೆ 10.4, ಎಂ12ಕ್ಕೆ 12.5 ಮಿಮೀ. 3/8 ಯುಎನ್‌ಸಿಗೆ 25/64 ಇಂಚು, ಅಂದರೆ 9.9. ಹೆಲಿಕಾಯಿಲ್ ಕಿಟ್ಟಿನ ಮೇಲೆ ಬೇರೆ ಬರೆದಿದ್ದರೆ ಕಿಟ್ಟಿನದೇ ಸರಿ. ಟ್ಯಾಪ್ ಮಾತ್ರ ಕಿಟ್ಟಿನದೇ ಆಗಬೇಕು. ಎಂ12 ಟ್ಯಾಪ್ ಹೆಚ್ಚುಕಡಿಮೆ ಅದೇ ದಪ್ಪ ಇದೆಯಲ್ಲಾ ಅಂತ ಅದನ್ನು ಹಾಕುವವರಿದ್ದಾರೆ. ಎಂ12ರ ಪಿಚ್ 1.75, ಸುರುಳಿಯದು 1.5. ಸುರುಳಿ ಕೂರುವುದೇ ಇಲ್ಲ.

ಕೆಲಸ ಕೆಡುವುದು ಬಹುಪಾಲು ಡ್ರಿಲ್ ಓರೆಯಾಗಿ. ಹ್ಯಾಂಡ್ ಡ್ರಿಲ್ಲನ್ನು ಕೈಯಲ್ಲೇ ನೇರ ಹಿಡಿಯುತ್ತೇನೆ ಅನ್ನುವ ಧೈರ್ಯ ಬೇಡ. ಹರಿದ ತೂತಿನಲ್ಲಿ ಡ್ರಿಲ್ ಹಳೇ ಥ್ರೆಡ್ಡಿಗೆ ಸಿಕ್ಕಿಕೊಂಡು ತನಗೆ ಬೇಕಾದ ಕಡೆ ಎಳೆಯುತ್ತೆ. ಲೇತ್ ಅಂಗಡಿಯಲ್ಲಿ ಒಂದು ಗೈಡ್ ಬುಷ್ (ಡ್ರಿಲ್ ನೇರ ಇಳಿಯುವಂತೆ ಹಿಡಿಯುವ ಕೊಳವೆ) ಮಾಡಿಸಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಮಾಡಿದ ಊರಿನ ಪಕ್ಕದಲ್ಲಿದ್ದೇವೆ, ಒಳ್ಳೇ ಟರ್ನರ್ ಹುಡುಕೋಕೆ ದೂರ ಹೋಗಬೇಕಿಲ್ಲ. ಹೆಡ್ ಬೋಲ್ಟಿನ ತೂತಾದರೆ ಹಳೇ ಹೆಡ್ಡೊಂದನ್ನು ಬ್ಲಾಕಿನ ಮೇಲಿಟ್ಟು, ಪಕ್ಕದ ನಾಲ್ಕು ಬೋಲ್ಟು ಬಿಗಿಯಿರಿ. ಹೆಡ್ಡಿನ ತೂತಿಗೆ ಸರಿಯಾಗಿ ಕೂರುವ, ಒಳಗೆ ಡ್ರಿಲ್ ಸೈಜಿನ ತೂತಿರುವ ಬುಷ್ ಇಳಿಸಿ. ಡ್ರಿಲ್ ಆಗ ಬೇರೆಲ್ಲೂ ಹೋಗೋಕೆ ಸಾಧ್ಯವಿಲ್ಲ. ಕವರ್ ಬೋಲ್ಟುಗಳಿಗೆ 25 ಮಿಮೀ ದಪ್ಪದ ಪಟ್ಟಿಯಲ್ಲಿ ಎರಡು ತೂತು ಮಾಡಿಸಿ, ಒಂದನ್ನು ಪಕ್ಕದ ಬೋಲ್ಟಿಗೆ ಕಟ್ಟಿ, ಇನ್ನೊಂದರಲ್ಲಿ ಡ್ರಿಲ್ ಇಳಿಸಿ.

ಶುರು ಮಾಡುವ ಮುಂಚೆ ಬೋರ್‌ಗಳಿಗೆ ಬಟ್ಟೆ ತುರುಕಿ, ಆಯಿಲ್ ತೂತು, ನೀರಿನ ತೂತುಗಳಿಗೆ ಗ್ರೀಸ್ ತುಂಬಿ ಟೇಪ್ ಹಚ್ಚಿ. ಬೀಡಿನ (ಎರಕದ ಕಬ್ಬಿಣದ) ಪುಡಿ ಲೈನರಿಗೆ ಇಳಿದರೆ ರಿಂಗ್ ತಿನ್ನುತ್ತೆ. ಡ್ರಿಲ್ಲಿಗೆ ಆಳದ ಗುರುತಾಗಿ ಕಾಲರ್ ಕಟ್ಟಿ, ಟೇಪ್ ಗುರುತು ಸರಿದುಬಿಡುತ್ತೆ.

ಟ್ಯಾಪ್ ಹೊಡೆಯುವಾಗ ಅವಸರ ಬೇಡ. ಬೀಡಿಗೆ ಒಣಗಿದ್ದರೂ ಸರಿ, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಬೇಕೇ ಬೇಕು, ಇಲ್ಲದಿದ್ದರೆ ಲೋಹ ಟ್ಯಾಪಿಗೆ ಅಂಟಿಕೊಂಡು ಥ್ರೆಡ್ ಹರಿಯುತ್ತೆ. ಎರಡು ಸುತ್ತು ಹೋದ ಮೇಲೆ ನಿಲ್ಲಿಸಿ, ಮೂಲೆಮಟ್ಟವನ್ನು ಎರಡು ದಿಕ್ಕಿನಿಂದ ಹಿಡಿದು ನೋಡಿ. ಓರೆ ಇದ್ದರೆ ಈಗಲೇ ಸರಿಮಾಡಬಹುದು, ನಾಲ್ಕು ಸುತ್ತು ಆದ ಮೇಲೆ ಆಗಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಕೈಗೆ "ಟಕ್" ಅಂತ ಒಂದು ಸಣ್ಣ ಬಿಡುಗಡೆ ಗೊತ್ತಾಗುತ್ತೆ, ಚೂರು ಮುರಿದ ಗುರುತು ಅದು. ಆ ಟಕ್ ಬರದೆ ಟ್ಯಾಪ್ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳಿದರೆ ತಕ್ಷಣ ಬಿಚ್ಚಿ, ತೂತು ಊದಿ, ಮತ್ತೆ ಹಾಕಿ. ಮುರಿದ ಟ್ಯಾಪ್ ತೆಗೆಯುವ ಕಷ್ಟದ ಮುಂದೆ ಈ ಐದು ನಿಮಿಷ ಏನೂ ಅಲ್ಲ. ಮುಚ್ಚಿದ ತೂತಿಗೆ ಕೊನೆಯಲ್ಲಿ ಚಪ್ಪಟೆ ತುದಿಯ ಟ್ಯಾಪ್ ಬೇಕಾಗುತ್ತೆ, ಇಲ್ಲದಿದ್ದರೆ ಸುರುಳಿ ತಳದವರೆಗೆ ಇಳಿಯಲ್ಲ.

ಆಮೇಲೆ ತೊಳೆದು ಗಾಳಿ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಸುರುಳಿಯನ್ನು ಟೂಲಿಗೆ ಸಿಕ್ಕಿಸಿ ತಿರುಗಿಸುವಾಗ ಕೆಳಗೆ ಒತ್ತಬೇಡಿ. ಒತ್ತಿದರೆ ಒಂದು ಥ್ರೆಡ್ ಹಾರಿ ಕೂರುತ್ತೆ. ಹಿಂದಕ್ಕೂ ತಿರುಗಿಸಬೇಡಿ, ಬಾಲ (ಟೂಲ್ ಹಿಡಿಯುವ, ಸುರುಳಿಯ ತಳದ ಅಡ್ಡ ತುದಿ) ಮುರಿಯುತ್ತೆ. ಮೇಲಿನ ತುದಿ ಮೈಗಿಂತ ಅರ್ಧದಿಂದ ಒಂದು ಸುತ್ತು ಕೆಳಗಿರಬೇಕು. ಮೈಗೆ ಸಮನಾಗಿ ಬಿಟ್ಟರೆ ಬೋಲ್ಟು ಬಿಗಿಯಾಗುವಾಗ ಅದು ಎದ್ದು ಗ್ಯಾಸ್ಕೆಟ್ಟಿಗೆ ಚುಚ್ಚುತ್ತೆ. ಸುರುಳಿಯ ಉದ್ದ ಬೋಲ್ಟಿನ ದಪ್ಪದ ಒಂದೂವರೆಯಷ್ಟಿರಲಿ, ಎಂ10ಕ್ಕೆ 15 ಮಿಮೀ. ಹೆಡ್ ಬೋಲ್ಟಿಗೆ ಆಳ ಇದ್ದರೆ ಎರಡರಷ್ಟು. ಕೊನೆಗೆ ಪಂಚ್ ಇಟ್ಟು ಒಂದೇ ಏಟಿಗೆ ಬಾಲ ಮುರಿಯಿರಿ, ಮುರಿದ ಚೂರನ್ನು ಎತ್ತಿ ಕೈಯಲ್ಲಿ ಹಿಡಿದು ನೋಡುವವರೆಗೂ ಆ ತೂತು ಬಿಟ್ಟು ಏಳಬೇಡಿ. ಅದು ಸ್ಟೇನ್‌ಲೆಸ್, ಮ್ಯಾಗ್ನೆಟ್ ನಂಬಬೇಡಿ. ಕಡ್ಡಿಯ ತುದಿಗೆ ಗಟ್ಟಿ ಗ್ರೀಸ್ ಹಚ್ಚಿ ಎತ್ತಿ. ತೂತು ಕ್ರ್ಯಾಂಕ್‌ಕೇಸಿಗೆ ತೆರೆದಿದ್ದರೆ ಪಂಚ್ ಬೇಡ, ಉದ್ದ ಮೂತಿಯ ಇಕ್ಕಳದಿಂದ ಹಿಡಿದು ಬಗ್ಗಿಸಿ ಮುರಿಯಿರಿ.

ಬೋಲ್ಟಿನ ಜೊತೆ ಸುರುಳಿಯೂ ಎದ್ದು ಬಂತು ಅನ್ನೋ ದೂರಿನ ಹಿಂದೆ ಸಾಮಾನ್ಯವಾಗಿ ದೊಡ್ಡದಾದ ತೂತೇ ಇರುತ್ತೆ. 10.4 ಸಿಗಲಿಲ್ಲ ಅಂತ 11 ಹೊಡೆದರೆ ಥ್ರೆಡ್ಡಿನ ಎತ್ತರ ಸುಮಾರು ಅರ್ಧದಷ್ಟೇ ಉಳಿಯುತ್ತೆ.

ಯಾರೋ ಈಗಾಗಲೇ ಎಂ12 ಹೊಡೆದು ಅದೂ ಹೋಗಿದ್ದರೆ ಗಟ್ಟಿ ಬುಷ್ ಬೇಕು. ಇಎನ್8 (ಗಟ್ಟಿ ಉಕ್ಕಿನ ಒಂದು ದರ್ಜೆ) ರಾಡಿನಲ್ಲಿ ಹೊರಗೆ ಎಂ16, ಪಿಚ್ 1.5, ಒಳಗೆ ಎಂ10, ಪಿಚ್ 1.5. ಬ್ಲಾಕಿಗೆ 14.5 ಡ್ರಿಲ್. ಗೋಡೆ ಎರಡು ಮಿಮೀ ಉಳಿಯುತ್ತೆ. ಹೊರಗೆ ಎಂ14 ಸಾಕು ಅಂತ ಮಾಡಿಸಿದರೆ ಗೋಡೆ ಒಂದೇ ಮಿಮೀ, ಬಿಗಿ ಮಾಡುವಾಗ ಸೀಳುತ್ತೆ. ಒಳಗಿನ, ಹೊರಗಿನ ಥ್ರೆಡ್ ಎರಡನ್ನೂ ಲೇತಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಮಾಡಿಸಿ, ಆಗಷ್ಟೇ ಸೆಂಟರ್ ಒಂದಾಗುತ್ತೆ. ಎಣ್ಣೆ ಪೂರ್ತಿ ತೊಳೆದು ಗಟ್ಟಿ ಹಿಡಿಯುವ ಲಾಕಿಂಗ್ ದ್ರವ ಹಚ್ಚಿ, ಮೈಗಿಂತ ಕೂದಲೆಳೆ ಕೆಳಗೆ ಕೂರಿಸಿ, ಒಂದು ರಾತ್ರಿ ಬಿಡಿ. ಪಿನ್ ಹೊಡೆಯುವುದಾದರೆ ಬುಷ್ಷಿಗೂ ಬ್ಲಾಕಿಗೂ ನಡುವಿನ ಗೆರೆಯ ಮೇಲೆ ಸಣ್ಣ ಡ್ರಿಲ್ಲಿನಿಂದ ನಿಧಾನಕ್ಕೆ ಹೋಗಿ, ಡ್ರಿಲ್ ಮೆತ್ತಗಿರುವ ಬೀಡಿನ ಕಡೆಗೇ ಜಾರುತ್ತೆ.

ಮ್ಯಾನಿಫೋಲ್ಡ್, ಪಂಪ್ ಸ್ಟಡ್ಡುಗಳಿಗೆ ಕೆಳಗೆ ಎಂ12, ಮೇಲೆ ಎಂ10 ಇರುವ ಸ್ಟೆಪ್ ಸ್ಟಡ್ ಸಾಕು. ಹೆಡ್ ಸ್ಟಡ್ಡನ್ನು ಮಾತ್ರ ಸಾದಾ ಎಂಎಸ್ (ಮೆತ್ತನೆ ಉಕ್ಕಿನ) ರಾಡಿನಲ್ಲಿ ಮಾಡಿಸಲೇಬೇಡಿ, ಅದು ಹಿಗ್ಗಿ ಹೆಡ್ ಗ್ಯಾಸ್ಕೆಟ್ ಊದುತ್ತೆ. ಬೀಡಿನ ಬ್ಲಾಕಿನ ತೂತನ್ನು ವೆಲ್ಡಿಂಗ್‌ನಿಂದ ತುಂಬುವುದೂ ಬೇಡ, ಪಕ್ಕದಲ್ಲೇ ಬಿರುಕು ಬಿಡುತ್ತೆ. ಅಲ್ಯೂಮಿನಿಯಂ ಕವರಿಗಾದರೆ ಆರ್ಗಾನ್ ವೆಲ್ಡಿಂಗ್ ಸರಿ. ಎಂ-ಸೀಲ್ ಹಚ್ಚಿ ಬೋಲ್ಟು ಹಾಕುವುದು ರಿಪೇರಿಯೇ ಅಲ್ಲ.

ಸ್ಟಡ್ ಒಳಗೇ ಮುರಿದಿದ್ದರೆ ಈಜಿ-ಔಟ್ (ಮುರಿದ ಸ್ಟಡ್ಡಿಗೆ ತೂತು ಕೊರೆದು, ಅದನ್ನು ಒಳಗಿನಿಂದ ಹಿಡಿದು ಬಿಚ್ಚುವ ಟೂಲು) ಕೊನೆಯ ಆಯ್ಕೆ. ಅದು ಒಳಗೇ ಮುರಿದರೆ ಅದಕ್ಕಿಂತ ಗಟ್ಟಿ ಡ್ರಿಲ್ ಸಾಮಾನ್ಯ ಗ್ಯಾರೇಜಿನಲ್ಲಿ ಇರಲ್ಲ. ಬ್ಯಾಟರಿ, ಆಲ್ಟರ್ನೇಟರ್ ಕನೆಕ್ಷನ್ ತೆಗೆದು, ಸ್ಟಡ್ಡಿನ ಮೇಲೆ ನಟ್ ಇಟ್ಟು ನಟ್ಟಿನ ಒಳಗಿನಿಂದ ವೆಲ್ಡ್ ತುಂಬಿ. ಕೆಂಪು ಇಳಿದ ಮೇಲೆ ಬಿಸಿ ಇರುವಾಗಲೇ ಬುಡಕ್ಕೆ ಮೇಣದಬತ್ತಿ ಒತ್ತಿ, ಮೇಣ ಕರಗಿ ಥ್ರೆಡ್ಡಿಗೆ ಇಳಿಯುತ್ತೆ. ಪಾನಾ ಹಾಕಿ ಮುಂದೆ ಹಿಂದೆ ಸ್ವಲ್ಪ ಸ್ವಲ್ಪ ಆಡಿಸಿ. ಮೊದಲ ಸಲ ನಟ್ ಕಿತ್ತು ಬಂದರೂ ಬೇಸರ ಬೇಡ, ಇನ್ನೊಂದು ಇಡಿ. ಪ್ರತಿ ಸಲ ಕಾದು ತಣಿಯುವಾಗ ತುಕ್ಕಿನ ಹಿಡಿತ ಇನ್ನಷ್ಟು ಬಿಡುತ್ತೆ.

ಜೋಡಿಸುವಾಗ ಎಂಜಿನ್ ಪುಸ್ತಕದ ಟಾರ್ಕ್ ಮೊದಲು. ಪುಸ್ತಕ ಇಲ್ಲದ ಸಾದಾ ಕವರ್, ಬ್ರಾಕೆಟ್‌ಗಳಲ್ಲಿ 8.8 ಗುರುತಿನ ಎಂ8 ಬೋಲ್ಟಿಗೆ ಸುಮಾರು 2.5 ಕೆಜಿ-ಮೀಟರ್, ಎಂ10ಕ್ಕೆ 5ರ ಒಳಗೆ, ಅಲ್ಯೂಮಿನಿಯಂ ಆದರೆ ಇನ್ನೂ ಕಡಿಮೆ. ನೀರಿನ ಜಾಕೆಟ್ಟಿಗೆ ತೆರೆದ ತೂತಿನ ಬೋಲ್ಟಿಗೆ ಥ್ರೆಡ್ ಸೀಲೆಂಟ್ ಹಚ್ಚಿ, ಎಕ್ಸಾಸ್ಟ್ ಸ್ಟಡ್ಡಿಗೆ ತಾಮ್ರದ ಗ್ರೀಸ್.

ಎಲ್ಲಾ ಮುಗಿದ ಮೇಲೆ ರಿಪೇರಿ ಆದ ತೂತಿನ ಪಕ್ಕ, ಗ್ಯಾಸ್ಕೆಟ್ ಕೂರದ ಜಾಗದಲ್ಲಿ ಪಂಚ್‌ನಿಂದ ಗುರುತು ಹಾಕಿ: ಹೆಲಿಕಾಯಿಲ್‌ಗೆ ಒಂದು ಚುಕ್ಕೆ, ಬುಷ್ಷಿಗೆ ಎರಡು. ಗಾಡಿಯ ಪುಸ್ತಕದಲ್ಲೂ ತೂತಿನ ಜಾಗ, ಸೈಜು, ಪಿಚ್ಚು ಬರೆದಿಡಿ. ಐದು ವರ್ಷ ಬಿಟ್ಟು ಆ ಬೋಲ್ಟು ಬಿಚ್ಚುವ ಮೆಕ್ಯಾನಿಕ್‌ಗೆ ಒಳಗೆ ಏನಿದೆ ಅಂತ ಗೊತ್ತಾಗುವುದು ಆ ಚುಕ್ಕೆಯಿಂದಲೇ.